ಬೆಚ್ಚಗಿದ್ದ ಮೂಟೆಗಳು

ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪಿನ ಮೇಲೆ ಅನುಮಾನ ಇರುವವರು ಇದನ್ನು ಇಲ್ಲಿಗೇ ನಿಲ್ಲಿಸಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬನ್ನಿ. ಹೋದ ಸಲ ನಾನು ಹಡಗುಕಟ್ಟೆಯ ವಿಷಯ ಎತ್ತಿದಾಗ ನಿಮ್ಮಲ್ಲೊಬ್ಬ ಮಹಾಶಯ ಈ ಫೋನಿನ ಗುಂಪಿನಲ್ಲಿ, 'ತಾತಂಗೆ ಬೆಳಿಗ್ಗೆ ಏನು ತಿಂದೆ ಅಂತಾನೇ ನೆನಪಿರಲ್ಲ' ಅಂತ ಬರೆದ. ಹೌದಪ್ಪ, ನೆನಪಿರುವುದಿಲ್ಲ. ತಿಂದದ್ದು ನೆನಪಿಟ್ಟುಕೊಳ್ಳುವಂಥದ್ದೂ ಆಗಿರಲಿಲ್ಲ. ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುತ್ತೇನೆ, ಅದೂ ನಿಜ. ಆದರೆ ದಬ್ಬಣದಕ್ಕನ ಮಾತು ಮರೆತಿಲ್ಲ. ವಿಚಾರಣೆ ನಡೆದ ಕೋಣೆಯಲ್ಲಿ ಗೋಡೆಗೆ ಒರಗಿಕೊಂಡು ನಾನೂ ನಿಂತಿದ್ದೆ. ಉಳಿದದ್ದನ್ನು ಅವಳ ಬಾಯಿಂದಲೇ ಹತ್ತು ಸಲ ಕೇಳಿದ್ದೇನೆ. ಹತ್ತು ಸಲವೂ ಒಂದಕ್ಷರ ಬದಲಾಗಲಿಲ್ಲ. ಕೇಳುವುದಾದರೆ ಬಾಯಿ ಮುಚ್ಚಿಕೊಂಡು ಕೇಳಿ.

ದಬ್ಬಣ ಗೊತ್ತಲ್ಲ? ಚೀಲ ಹೊಲಿಯುವ ದಪ್ಪ ಸೂಜಿ. ಹಡಗುಕಟ್ಟೆಯ ಗೋದಾಮಿನಲ್ಲಿ ಹರಿದ ಮೂಟೆ ಹೊಲಿಯುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದಳು. ಅವಳನ್ನು ಹೆಸರು ಹಿಡಿದು ಅವಳ ಗಂಡನೂ ಕರೆಯಲಿಲ್ಲ, ಅವನು ಬೇಗ ಸತ್ತ. ಎಲ್ಲರ ಬಾಯಲ್ಲೂ ದಬ್ಬಣದಕ್ಕ. ಅವಳ ಕೈಕೆಳಗೆ ಏಳು ಹೆಂಗಸರು. ಅವರಲ್ಲೊಬ್ಬಳು ಅವಳ ಸ್ವಂತ ತಂಗಿ. ತಂಗಿಯ ಗಂಡ ಲಾರಿ ಡ್ರೈವರ್. ಇಬ್ಬರು ಹೆಣ್ಣುಮಕ್ಕಳು.

ಹಮಾಲಿಗಳು ಮೂಟೆಯನ್ನು ಕಬ್ಬಿಣದ ಕೊಕ್ಕೆ ಹಾಕಿ ಎಳೆಯುತ್ತಾರೆ. ಕೊಕ್ಕೆ ಬಿದ್ದಲ್ಲಿ ಚೀಲ ಹರಿಯುತ್ತದೆ. ಹರಿದಲ್ಲಿ ಈ ಹೆಂಗಸರು ಮಂಡಿಯೂರಿ ಕೂತು ಹೊಲಿಯಬೇಕು. ಬೆಳಿಗ್ಗೆ ಏಳಕ್ಕೆ ಬಗ್ಗಿದರೆ ಸಂಜೆ ಆರಕ್ಕೆ ಏಳುವುದು. ಆ ವರ್ಷ ಗೋದಾಮಿನ ತುಂಬ ಬಿಳಿ ಪುಡಿಯ ಮೂಟೆ. ಸೂರಿನವರೆಗೂ ಪೇರಿಸಿದ್ದರು. ಗೊಬ್ಬರ ಅಂತ ಹೇಳಿದ್ದರು. ಇನ್ನೇನೂ ಹೇಳಿರಲಿಲ್ಲ. ಒಯ್ಯಬೇಕಾದ ಹಡಗು ಬರಲಿಲ್ಲ, ಮೂಟೆ ಹೋಗಲಿಲ್ಲ. ಪುಡಿ ಬೆರಳಿನ ಬಿರುಕಿಗೆ ಇಳಿದರೆ ಜೀವ ಹೋದ ಹಾಗೆ ಉರಿಯುತ್ತಿತ್ತು. ಕೈಗವಸು ಕೊಡಿ ಅಂತ ಕೇಳಿದರು. ಗೋದಾಮಿನ ಗುಮಾಸ್ತ ಎಂಟು ಜನಕ್ಕೆ ಒಂದು ಜೊತೆ ಕೊಟ್ಟ. ಅದರಲ್ಲಿ ಎರಡೂ ಎಡಗೈಯದು.

ಗುಮಾಸ್ತನದು ಒಂದು ಕಾನೂನಿತ್ತು. ನೆಲದ ಮೇಲೆ ಒಂದು ಹಿಡಿ ಪುಡಿ ಬಿದ್ದಿರಬಾರದು. ಸಂಜೆ ಕಸಬರಿಕೆ ಹಿಡಿದು ಎಲ್ಲ ಗುಡಿಸಿ, ಗುಡಿಸಿದ್ದನ್ನು ವಾಪಸ್ಸು ಹರಿದ ಮೂಟೆಗೇ ತುಂಬಿ ಹೊಲಿಯಬೇಕು. ತೂಕ ಸರಿಹೋಗಬೇಕಲ್ಲ. ಆ ನೆಲದ ಮೇಲೆ ಏನೇನಿತ್ತು ಅಂತ ಕೇಳಿ. ಲಾರಿಯಿಂದ ಸೋರಿದ ಡೀಸೆಲ್ಲು. ಮರದ ಪೆಟ್ಟಿಗೆಯ ಹೊಟ್ಟು. ಹರಿದ ಕಾಗದ, ಎಣ್ಣೆ ಒರೆಸಿದ ಬಟ್ಟೆ, ಇಲಿ ಹಿಕ್ಕೆ. ಎಲ್ಲ ಆ ಪುಡಿಯ ಜೊತೆಗೇ ಮೂಟೆ ಸೇರಿತು. ಹಾಗೆ ತುಂಬಿದ ಮೂಟೆಗಳನ್ನೆಲ್ಲ ಹಿಂದಿನ ಗೋಡೆಗೆ ಸೇರಿಸಿ ಬೇರೆ ಪೇರಿಸಿದ್ದರು, ಸಾಹೇಬರು ಬಂದರೆ ಕಣ್ಣಿಗೆ ಬೀಳದ ಹಾಗೆ.

ಚಳಿಗಾಲ. ಸಮುದ್ರದ ಗಾಳಿ ತಗಡಿನ ಸಂದಿಯಿಂದ ನುಗ್ಗಿ ಮೂಳೆ ಕೊರೆಯುತ್ತಿತ್ತು. ಒಂದು ಬೆಳಿಗ್ಗೆ ತಂಗಿ ಸೊಂಟ ನೆಟ್ಟಗೆ ಮಾಡಲು ಆ ಹಿಂದಿನ ಪೇರಿಗೆ ಬೆನ್ನು ಕೊಟ್ಟು ನಿಂತಳು. ನಿಂತವಳು ಅಲ್ಲಿಂದ ಅಲುಗಲೇ ಇಲ್ಲ.

"ಅಕ್ಕಾ, ಬಾ ಇಲ್ಲಿ. ಈ ಮೂಟೆ ಭಾವನಿಗಿಂತ ಬೆಚ್ಚಗಿದೆ."

"ನಿಮ್ಮ ಭಾವ ಬದುಕಿದ್ದಾಗ್ಲೂ ಅಷ್ಟೇನು ಬೆಚ್ಚಗಿರ್ಲಿಲ್ಲ ಬಿಡು," ಅಂದಳು ಅಕ್ಕ. ಹೋಗಿ ಬೆನ್ನು ಕೊಟ್ಟಳು. ಬೆಚ್ಚಗೇ ಇತ್ತು. ಈಗಷ್ಟೇ ಯಾರೋ ಎದ್ದು ಹೋದ ಹಾಸಿಗೆಯ ಹಾಗೆ.

ಅಕ್ಕ ದಡ್ಡಿಯಲ್ಲ. ಕೈ ಇಟ್ಟು ನೋಡಿದಳು, ಪಕ್ಕದ ಪೇರಿಗೂ ಇಟ್ಟು ನೋಡಿದಳು. ಅದು ತಣ್ಣಗಿತ್ತು. ಸೀದಾ ಗುಮಾಸ್ತನ ಮೇಜಿನ ಹತ್ತಿರ ಹೋದಳು. ಅಲ್ಲಿ ಐದಾರು ಹಮಾಲಿಗಳು ಚೀಟಿಗಾಗಿ ನಿಂತಿದ್ದರು.

"ಸ್ವಾಮಿ, ಹಿಂದಿನ ಗೋಡೆ ಮೂಟೆ ಬಿಸಿಯಾಗಿವೆ. ಒಂದ್ಸಲ ಬಂದು ನೋಡಿ."

ಗುಮಾಸ್ತ ತಲೆ ಎತ್ತಿ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಬಿಸಿ ಮೂಟೆಗಲ್ಲಮ್ಮ, ನಿನಗೆ. ನಿನ್ನ ವಯಸ್ಸಿಗೆ ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೈಯೆಲ್ಲ ಕಾವು ಏರುತ್ತೆ. ನಮ್ಮನೆಯೋಳೂ ಹಿಂಗೇ, ಚಳಿಗಾಲದಲ್ಲಿ ಫ್ಯಾನ್ ಹಾಕು ಅಂತಾಳೆ."

ಹಮಾಲಿಗಳು ನಕ್ಕರು. ಒಬ್ಬ, 'ಅಕ್ಕನ್ನೇ ಒಲೆ ಮಾಡ್ಕೊಂಡ್ರೆ ಟೀ ಕಾಯಿಸ್ಬೋದು' ಅಂದ. ಇನ್ನೂ ನಕ್ಕರು. ಅಕ್ಕನ ಕಿವಿ ಕೆಂಪಾಯಿತು. ಮಗನ ವಯಸ್ಸಿನವರ ಎದುರಿಗೆ ಅವಳ ಮೈಯ ಸಂಗತಿಯನ್ನು ಒಬ್ಬ ಗಂಡಸು ಎತ್ತಿ ಮೇಜಿನ ಮೇಲೆ ಇಟ್ಟಿದ್ದ. ಅವಳು ತಿರುಗಿ ನೋಡದೆ ಬಂದಳು. ಇನ್ನೊಮ್ಮೆ ಹೋಗಿ ಹೇಳುವುದಿಲ್ಲ ಅಂತ ಅಲ್ಲೇ ಹಲ್ಲು ಕಚ್ಚಿದಳು.

ಆಮೇಲೆ ಮಾಡಿದ್ದು ಕೇಳಿ. ಬುದ್ಧಿ ಹೇಳಲು ಹೋಗಬೇಡಿ, ದಿನಕ್ಕೆ ಹನ್ನೊಂದು ಗಂಟೆ ನೆಲಕ್ಕೆ ಬಗ್ಗಿ ಕೂತವರಿಗೆ ಮಾತ್ರ ಅದು ಅರ್ಥವಾಗುತ್ತದೆ. ಎಂಟೂ ಜನ ಸೇರಿ ಆ ಬಿಸಿಯನ್ನು ಬಚ್ಚಿಟ್ಟರು. ಹಮಾಲಿಗಳಿಗೆ ಗೊತ್ತಾದರೆ ಅವರೇ ಬಂದು ಕಾಲು ಚಾಚಿ ಮಲಗುತ್ತಾರೆ, ನಮಗೆ ಜಾಗ ಸಿಗುವುದಿಲ್ಲ, ಅಷ್ಟೇ ಅವರ ಯೋಚನೆ. ಸರದಿ ಮಾಡಿಕೊಂಡರು. ಒಬ್ಬೊಬ್ಬರಿಗೆ ಐವತ್ತು ಹೊಲಿಗೆ ಹಾಕುವಷ್ಟು ಹೊತ್ತು. ಆ ಪೇರಿಗೆ ಹೆಸರೂ ಇಟ್ಟರು. ತವರು.

"ಎಲ್ಲಿ ಹೊರಟ್ಯೇ?"

"ತವರಿಗೆ ಹೋಗ್ಬರ್ತೀನಿ."

"ಹೋಗು ಹೋಗು. ಅಲ್ಲೇ ಕೂತ್ಬಿಡ್ಬೇಡ, ಗಂಡನ ಮನೆಯೋರು ಏನಂದ್ಕೋತಾರೆ."

ಹೀಗೆ ನಗುತ್ತಿದ್ದರು. ಆ ಗೋದಾಮಿನಲ್ಲಿ ಅವರ ಬೆನ್ನಿಗೆ ಯಾರಾದರೂ ಒಳ್ಳೆಯದು ಮಾಡಿದ್ದರೆ ಅದು ಆ ಮೂಟೆಗಳು. ಐದನೇ ದಿನಕ್ಕೆ ಬಿಸಿ ಜಾಸ್ತಿಯಾಯಿತು. ಏಳನೇ ದಿನ ಮಧ್ಯೆ ಖಾಲಿ ಚೀಲ ಮಡಚಿ ಇಟ್ಟುಕೊಳ್ಳಬೇಕಾಯಿತು. ಎಂಟನೇ ದಿನ ಮೂಗಿಗೆ ಖಾರ ಹೊಡೆದಂಥ ವಾಸನೆ. ಅಕ್ಕ ಎದ್ದು ನಿಂತಳು. ಗುಮಾಸ್ತನ ಮೇಜಿನ ಕಡೆ ನೋಡಿದಳು. ಅಲ್ಲಿ ಅದೇ ಹಮಾಲಿಗಳು ನಿಂತಿದ್ದರು. ಅವಳು ಮತ್ತೆ ಬಗ್ಗಿ ಸೂಜಿಗೆ ದಾರ ಪೋಣಿಸಿದಳು.

ಒಂಬತ್ತನೇ ದಿನ ಬೆಳಿಗ್ಗೆ ಹತ್ತೂವರೆಗೆ ದಾರ ಮುಗಿಯಿತು. ದಾರದ ಉಂಡೆ ತರಲು ಕಟ್ಟೆಯ ಆ ತುದಿಯ ಸ್ಟೋರಿಗೆ ಹೋಗಬೇಕು. ಯಾವಾಗಲೂ ಹೋಗುವುದು ತಂಗಿ. ಆ ದಿನ ಅವಳು ಸೊಂಟ ಹಿಡಿದುಕೊಂಡು, "ಅಕ್ಕಾ, ಇವತ್ತು ನೀನೇ ಹೋಗೇ. ನನಗಾಗಲ್ಲ. ನನ್ನ ಸರದಿ ಬಂತು," ಅಂದಳು.

"ಮೈಗಳ್ಳಿ," ಅಂತ ಬೈದು ಅಕ್ಕ ಹೊರಟಳು. ತಂಗಿಗೆ ಅವಳು ಆಡಿದ ಕೊನೆಯ ಮಾತು ಅದೇ.

ಸ್ಟೋರಿನವನು ಚೀಟಿ ಸರಿಯಿಲ್ಲ ಅಂತ ಕಾಲು ಗಂಟೆ ನಿಲ್ಲಿಸಿದ. ದಾರದ ಉಂಡೆ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದರೆ ಗೋದಾಮಿನ ಮೇಲೆ ಹೊಗೆ. ಇಟ್ಟಿಗೆ ಬಣ್ಣದ ಹೊಗೆ. ಅಂಥ ಹೊಗೆಯನ್ನು ಅವಳು ಯಾವ ಒಲೆಯಲ್ಲೂ ನೋಡಿರಲಿಲ್ಲ. ಓಡಿದಳು. ಎಲ್ಲರೂ ಈ ಕಡೆ ಓಡಿ ಬರುತ್ತಿದ್ದರೆ ಅವಳೊಬ್ಬಳು ಆ ಕಡೆ ಓಡಿದಳು. ಕಾಂಕ್ರೀಟಿನ ದೊಡ್ಡ ನೀರಿನ ತೊಟ್ಟಿಯ ಮರೆಗೆ ಬಂದಿದ್ದಳು, ಅಷ್ಟರಲ್ಲಿ ಗೋದಾಮು ಸಿಡಿಯಿತು.

ಸದ್ದು ಕೇಳಲಿಲ್ಲ ಅನ್ನುತ್ತಾಳೆ. ಊರಿಗೆ ಊರೇ ಕೇಳಿದ್ದು ಅವಳಿಗೆ ಕೇಳಲಿಲ್ಲ. ನೆಲ ಮೇಲೆದ್ದು ಕಾಲಿಗೆ ಹೊಡೆಯಿತು. ಕಣ್ಣು ಬಿಟ್ಟಾಗ ಆಕಾಶದಿಂದ ತಗಡು ಉದುರುತ್ತಿತ್ತು. ಕಂಕುಳಲ್ಲಿ ದಾರ ಹಾಗೇ ಇತ್ತು. ಎಡಕಿವಿಯಿಂದ ರಕ್ತ ಇಳಿಯುತ್ತಿತ್ತು, ಆ ಕಿವಿ ಮತ್ತೆ ಕೇಳಲಿಲ್ಲ. ಎದ್ದು ತೊಟ್ಟಿಯನ್ನು ಬಳಸಿ ನೋಡಿದಳು. ಗೋದಾಮು ಇರಲಿಲ್ಲ. ಗೋದಾಮು ಇದ್ದ ಜಾಗಕ್ಕೆ ಸಮುದ್ರ ಒಳಗೆ ಬಂದು ಕೂತಿತ್ತು.

ಆಸ್ಪತ್ರೆಯಲ್ಲಿ ಹುಡುಕಿದರು. ಹೆಣದ ಕೋಣೆಯಲ್ಲಿ ಹುಡುಕಿದರು. ಲಾರಿ ಡ್ರೈವರ್ ಹನ್ನೊಂದು ದಿನ ಕಲ್ಲುಮಣ್ಣು ಎತ್ತಿ ಹಾಕಿದ. ಏಳು ಹೆಂಗಸರಲ್ಲಿ ಒಬ್ಬರ ಉಗುರೂ ಸಿಗಲಿಲ್ಲ. ಹೆಣ ಸಿಕ್ಕವರಿಗೆ ಸತ್ತವರು ಅಂತ ಪತ್ರ ಕೊಟ್ಟರು. ಹೆಣ ಸಿಗದವರನ್ನು ಹಾಜರಿ ಪುಸ್ತಕದಲ್ಲಿ ಏನಂತ ಬರೆದರು ಗೊತ್ತಾ? ಗೈರುಹಾಜರಿ. ತಿಂಗಳು ತುಂಬಿತು. ಹಡಗುಕಟ್ಟೆಯ ಸಾಲುಮನೆಗಳು ಕೆಲಸದವರ ಹೆಸರಿನಲ್ಲಿರುತ್ತವೆ. ತಿಂಗಳಿಗಿಂತ ಹೆಚ್ಚು ಗೈರುಹಾಜರಾದರೆ ಮನೆ ಬಿಡಬೇಕು ಅಂತ ನಿಯಮ. ಆ ಏಳೂ ಮನೆಯ ಬಾಗಿಲಿಗೆ ನೋಟೀಸು ಅಂಟಿಸಿ ಹೋದರು. ರಜಾ ಅರ್ಜಿ ಕೊಡದೆ ಕೆಲಸ ತಪ್ಪಿಸಿಕೊಂಡಿದ್ದೀರಿ, ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಿ ಅಂತ. ಸಮುದ್ರದ ತಳಕ್ಕೆ ಅಂಟಿಸಬೇಕಿತ್ತು ಅದನ್ನು.

ಸತ್ತ ಪತ್ರ ಸಿಕ್ಕರೆ ಮನೆ ಮಕ್ಕಳ ಹೆಸರಿಗೆ ಆಗುತ್ತದೆ. ಪತ್ರ ಸಿಗಬೇಕಾದರೆ ವಿಚಾರಣೆ ಮುಗಿಯಬೇಕು. ವಿಚಾರಣೆ ಮುಗಿಯಬೇಕಾದರೆ ಒಂದು ಸಾಕ್ಷಿ ಬೇಕು. ಆ ಗೋದಾಮಿನೊಳಗೆ ಕೆಲಸ ಮಾಡಿ ಬದುಕಿದವರು ಇಬ್ಬರೇ. ಒಬ್ಬ ಗುಮಾಸ್ತ, ಆ ಬೆಳಿಗ್ಗೆ ಅವನು ದೊಡ್ಡ ಆಫೀಸಿಗೆ ಹೋಗಿದ್ದ. ಇನ್ನೊಬ್ಬಳು ದಬ್ಬಣದಕ್ಕ.

ಗುಮಾಸ್ತ ಸಾಲುಮನೆಗೆ ಬಂದ. ಹುಬ್ಬಿನ ಮೇಲೆ ಪಟ್ಟಿ. ಕೈಯಲ್ಲಿ ಟೈಪ್ ಮಾಡಿದ ಒಂದು ಹಾಳೆ. ತಾನೇ ಓದಿ ಹೇಳಿದ. ಹೊಲಿಗೆ ಹೆಂಗಸರು ಚಳಿಗೆ ಗೋದಾಮಿನೊಳಗೆ ಸೀಮೆಎಣ್ಣೆ ಸ್ಟವ್ ಹಚ್ಚುತ್ತಿದ್ದರು. ಆ ದಿನ ದಬ್ಬಣದಕ್ಕನ ತಂಗಿ ಹಚ್ಚಿದಳು. ಅದರಿಂದ ಬೆಂಕಿ.

"ನನ್ನ ತಂಗಿ ಯಾಕೆ?" ಅಂದಳು ಅಕ್ಕ.

"ಯಾರಾದ್ರೂ ಒಬ್ರು ಬೇಕಲ್ಲಮ್ಮ. ಬೇರೆಯೋರ ಹೆಸರು ಹಾಕಿದ್ರೆ ಅವರ ಮನೆಯೋರು ನಿನ್ನ ಮೇಲೆ ಬೀಳ್ತಾರೆ. ನಿನ್ನ ತಂಗಿ ಆದ್ರೆ ನಿಮ್ಮನೆ ವಿಷಯ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಏಳು ಮನೆ ಉಳಿಯುತ್ತೆ."

ಅವನು ಹೋದ ಮೇಲೆ ಲಾರಿ ಡ್ರೈವರ್ ಬಾಯಿಬಿಟ್ಟ. ಅವನು ಜಗಳಗಂಟನಲ್ಲ. ಅಕ್ಕಾ ಅಂತಲೇ ಮಾತಾಡುವವನು.

"ಅಕ್ಕಾ, ಹೆಬ್ಬೆಟ್ಟು ಒತ್ತಿಬಿಡಿ."

"ನಿನ್ನ ಹೆಂಡ್ತಿ ಅಲ್ವೇನೋ ಅವಳು."

"ಹೌದು, ನನ್ನ ಹೆಂಡ್ತಿ. ಹನ್ನೊಂದು ದಿನ ಅಗೆದೋನು ನಾನು, ನೀವಲ್ಲ. ಈಗ ಅವಳ ಹೆಸರು ಕೆಟ್ರೆ ಅವಳಿಗೇನು ನೋಯುತ್ತಾ? ಆ ಎರಡು ಹುಡುಗೀರನ್ನ ಎಲ್ಲಿ ಮಲಗಿಸ್ಲಿ ಹೇಳಿ. ಲಾರಿ ಕೆಳಗಾ?"

"ದೊಡ್ಡವರಾದ ಮೇಲೆ ಕೇಳ್ತಾರೆ. ನಮ್ಮಮ್ಮ ಊರು ಸುಟ್ಟೋಳಾ ಅಂತ."

"ಮೊದಲು ದೊಡ್ಡವರಾಗ್ಲಿ."

ಈ ಮಾತಿಗೆ ಉತ್ತರ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಇಟ್ಟುಕೊಳ್ಳಿ. ಉಳಿದ ಆರು ಮನೆಯವರೂ ಒಬ್ಬೊಬ್ಬರಾಗಿ ಬಂದರು. ಯಾರೂ ಬೈಯಲಿಲ್ಲ, ಅತ್ತರು. ಬೈದಿದ್ದರೆ ಸುಲಭವಿತ್ತು. ಅಕ್ಕ ಎರಡು ದಿನ ಒಲೆ ಹಚ್ಚಲಿಲ್ಲ. ಅವಳ ಎದೆಯಲ್ಲಿ ಇನ್ನೊಂದು ಸಂಗತಿ ಕುದಿಯುತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಸ್ಟವ್ ಇರಲಿಲ್ಲ ಅಂದರೆ, ಹಾಗಾದರೆ ಏನಿತ್ತು ಅಂತ ಕೇಳುತ್ತಾರೆ. ಮೂಟೆ ಬಿಸಿಯಾಗಿತ್ತು ಅನ್ನಬೇಕು. ನಿನಗೆ ಗೊತ್ತಿತ್ತಾ ಅಂತ ಕೇಳುತ್ತಾರೆ. ಗೊತ್ತಿತ್ತು, ಒಂಬತ್ತು ದಿನ ಬಚ್ಚಿಟ್ಟುಕೊಂಡು ಬೆನ್ನು ಕಾಯಿಸಿಕೊಂಡೆವು ಅನ್ನಬೇಕು. ಏಳು ಮನೆಯವರ ಮುಖ ನೋಡಿಕೊಂಡು ಅನ್ನಬೇಕು.

ವಿಚಾರಣೆಯ ದಿನ ಬಂತು. ಆಫೀಸಿನ ಕಿಟಕಿಗಳಲ್ಲಿ ಗಾಜಿರಲಿಲ್ಲ, ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು, ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೇಜಿನ ಹಿಂದೆ ವಿಚಾರಣೆ ಸಾಹೇಬರು. ಮಗ್ಗುಲಲ್ಲಿ ಗುಮಾಸ್ತ. ಗೋಡೆಯುದ್ದಕ್ಕೂ ಏಳು ಮನೆಯವರು, ಉಳಿದ ಗೋದಾಮುಗಳ ಹಮಾಲಿಗಳು, ಕಟ್ಟೆಯಲ್ಲಿ ಕೆಲಸ ಮಾಡುವ ನಾವು. ಅಕ್ಕ ಸಾಹೇಬರ ಮುಂದೆ ನಿಂತಳು. ಕುರ್ಚಿ ಖಾಲಿ ಇತ್ತು, ಕೂರು ಅನ್ನಲಿಲ್ಲ.

ಸಾಹೇಬರು ಹಾಳೆ ಓದಿದರು. ಶಾಯಿ ಡಬ್ಬಿ ಮುಂದಕ್ಕೆ ತಳ್ಳಿದರು. "ಇಲ್ಲಿ ಹೆಬ್ಬೆಟ್ಟು."

ಅಕ್ಕ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಸ್ಟವ್ ಇರ್ಲಿಲ್ಲ ಸ್ವಾಮಿ. ನಾವು ಟೀ ಕುಡಿದ್ರೆ ಗೇಟಿನ ಹೊರಗೆ ಕುಡೀತಿದ್ವಿ."

"ಮತ್ತೆ ಬೆಂಕಿ ಎಲ್ಲಿಂದ ಬಂತು?"

"ಮೂಟೆ ಬಿಸಿಯಾಗಿದ್ವು. ಒಂಬತ್ತು ದಿನದಿಂದ."

ಗುಮಾಸ್ತ ಕುರ್ಚಿಯಲ್ಲಿ ಅಲುಗಿದ. "ನನಗೆ ಯಾರೂ ಹೇಳಿಲ್ಲ ಸಾರ್. ಇವಳು ಸುಮ್ಮನೆ..."

"ಹೇಳಿದೆ," ಅಂದಳು ಅಕ್ಕ. "ಮೊದಲನೇ ದಿನಾನೇ ಹೇಳಿದೆ. ನೀವೇನಂದ್ರಿ, ನೀವೇ ಹೇಳ್ತೀರಾ, ನಾನು ಹೇಳ್ಲಾ?"

ಅವಳೇ ಹೇಳಿದಳು. ಒಂದು ಮಾತೂ ಬಿಡದೆ ಹೇಳಿದಳು. ಮುಟ್ಟು ನಿಂತದ್ದು, ಮೈ ಕಾವು, ಫ್ಯಾನು, ಟೀ ಕಾಯಿಸೋ ಒಲೆ. ನೂರು ಜನ ಗಂಡಸರ ಮುಂದೆ, ಸೊಂಟ ನೆಟ್ಟಗೆ ಮಾಡಿ ನಿಂತು ಹೇಳಿದಳು. ಅವತ್ತು ಕೆಂಪಾದ ಕಿವಿ ಇವತ್ತು ಕೆಂಪಾಗಲಿಲ್ಲ. ಹಿಂದೆ ಯಾರೋ ಒಬ್ಬ ನಕ್ಕ, ಅರ್ಧಕ್ಕೇ ನಿಲ್ಲಿಸಿದ.

"ಇಂಥ ಮಾತೆಲ್ಲ ದಾಖಲೆಗೆ ಬರೆಯೋಕಾಗಲ್ಲ," ಅಂದರು ಸಾಹೇಬರು.

"ಆಡೋಕಾಗುತ್ತೆ, ಬರೆಯೋಕಾಗಲ್ವಾ?"

ಸಾಹೇಬರು ಅವಳನ್ನು ಹೊಸದಾಗಿ ನೋಡಿದರು. ಧ್ವನಿ ಮೆತ್ತಗಾಯಿತು. ಮೆತ್ತಗಾದ ಧ್ವನಿ ಕಂಡರೆ ನನಗೆ ಯಾವಾಗಲೂ ಭಯ. "ಅಂದ್ರೆ ಅಪಾಯ ಇದೆ ಅಂತ ನಿಮಗೆ ಗೊತ್ತಿತ್ತು. ಒಂದು ಸಲ ಹೇಳಿ ಸುಮ್ಮನಾದ್ರಿ. ಒಂಬತ್ತು ದಿನ ಮುಚ್ಚಿಟ್ರಿ."

ಅಕ್ಕ ಗೋಡೆಯ ಕಡೆ ತಿರುಗಿದಳು. ಏಳು ಮನೆಯವರ ಕಡೆ. ಲಾರಿ ಡ್ರೈವರ್ ಮಕ್ಕಳಿಬ್ಬರ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದ.

"ಮುಚ್ಚಿಟ್ವಿ. ಎಂಟೂ ಜನ. ಬೆನ್ನಿಗೆ ಹಿತವಾಗಿತ್ತು, ಅದಕ್ಕೆ ಮುಚ್ಚಿಟ್ವಿ. ಯಜಮಾನಿ ನಾನು, ಇನ್ನೊಂದ್ಸಲ ಹೋಗಿ ಹೇಳ್ಬೇಕಿತ್ತು. ನಗ್ತಾರೆ ಅಂತ ಹೋಗ್ಲಿಲ್ಲ. ನನ್ನ ತಂಗಿ ಆ ಮೂಟೆಗೆ ಒರಗಿದ್ಲು. ಒರಗು ಅಂತ ಬಿಟ್ಟೋಳು ನಾನು."

ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಡ್ರೈವರ್ ನೆಲ ನೋಡಿದ.

ಸಾಹೇಬರು ಪೆನ್ನು ತೆಗೆದರು. ಹೊಸ ಹಾಳೆ ಎಳೆದುಕೊಂಡರು. ಅವರಿಗೆ ಖುಷಿಯೇ ಆಗಿತ್ತು. ಸ್ಟವ್ ಹೋದರೆ ಹೋಗಲಿ, ಇನ್ನೂ ಗಟ್ಟಿಯಾದದ್ದು ಸಿಕ್ಕಿತ್ತು. ಸತ್ತವಳ ಬದಲು ಜೀವಂತ ಇರುವವಳು. "ಸರಿ. ನೀವು ಮುಚ್ಚಿಟ್ರಿ ಅಂತಲೇ ಬರೀತೀನಿ. ಅದಕ್ಕೆ ಹೆಬ್ಬೆಟ್ಟು ಒತ್ತುತ್ತೀರಾ?"

"ಒತ್ತುತ್ತೀನಿ."

ಗುಮಾಸ್ತನ ಮುಖ ಅರಳಿತು.

"ಬರೀರಿ ಸ್ವಾಮಿ. ದಬ್ಬಣದವಳು ಮುಚ್ಚಿಟ್ಳು ಅಂತ ಬರೀರಿ. ಏನನ್ನ ಮುಚ್ಚಿಟ್ಳು ಅಂತಾನೂ ಬರೀರಿ. ಮೂಟೆ ಬಿಸಿಯಾಗಿದ್ವು ಅಂತ ಬರೀದೆ ಇವಳು ಅದನ್ನ ಮುಚ್ಚಿಟ್ಳು ಅಂತ ಹೆಂಗೆ ಬರೀತೀರಿ? ಆಮೇಲೆ ಯಾಕೆ ಬಿಸಿಯಾದ್ವು ಅಂತ ಬರೀರಿ. ಡೀಸೆಲ್ಲು, ಹೊಟ್ಟು, ಕಸ ಎಲ್ಲ ಗುಡಿಸಿ ತುಂಬಿ ಹೊಲೀರಿ ಅಂದೋರು ಯಾರು ಅಂತ ಬರೀರಿ. ಗೋಡೆಗೆ ಸೇರಿಸಿ ಅಡಗಿಸಿ ಅಂದೋರು ಯಾರು ಅಂತ ಬರೀರಿ. ಎಲ್ಲ ಬರೆದು ಕೊನೇಗೆ ನನ್ನ ಹೆಸರು ಹಾಕಿ. ಹೆಬ್ಬೆಟ್ಟು ಏನು, ಹತ್ತೂ ಬೆರಳು ಒತ್ತುತ್ತೀನಿ."

ಪೆನ್ನು ಹಾಳೆಯ ಮೇಲೆ ನಿಂತಿತು. ಒಂದು ಚುಕ್ಕೆ ಶಾಯಿ ಅಗಲವಾಗುತ್ತಾ ಹೋಯಿತು. ನಾನು ಕಣ್ಣಾರೆ ನೋಡಿದೆ. ಸಾಹೇಬರು ಗುಮಾಸ್ತನನ್ನು ನೋಡಿದರು. ಗುಮಾಸ್ತ ಪ್ಲಾಸ್ಟಿಕ್ ಕಿಟಕಿಯನ್ನು ನೋಡಿದ. ಒಂದಕ್ಷರ ಬರೆಯಲಿಲ್ಲ. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.

"ವಿಚಾರಣೆ ಮುಂದೂಡಿದೆ."

ಇಲ್ಲಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು ಅಂತ ಹೇಳಿದರೆ ನಿಮಗೆ ಹಿತವಾಗುತ್ತಿತ್ತು. ಯಾರೂ ತಟ್ಟಲಿಲ್ಲ. ಹೊರಗೆ ಬಂದ ಮೇಲೆ ಯಾರೂ ಅವಳ ಜೊತೆ ಮಾತಾಡಲಿಲ್ಲ. ಸತ್ತ ಏಳು ಜನರಲ್ಲಿ ಒಬ್ಬಳ ತಾಯಿ ಹತ್ತಿರ ಬಂದು ಅವಳ ಕೆನ್ನೆಗೆ ಬಾರಿಸಿದಳು. ಅಕ್ಕ ಕೆನ್ನೆ ತಿರುಗಿಸಲಿಲ್ಲ, ಮುಟ್ಟಿ ನೋಡಿಕೊಳ್ಳಲೂ ಇಲ್ಲ. ಬಾರಿಸಿದವಳೇ ಆಮೇಲೆ ಅವಳ ಹೆಗಲಿಗೆ ತಲೆಯಿಟ್ಟು ಕುಸಿದಳು.

ನೋಟೀಸು ಅಂಟಿಸಿದ ಹದಿನೈದನೇ ದಿನ ಬೀಗ ಹಿಡಿದುಕೊಂಡು ಬಂದರು. ಮೂರು ಮನೆಗೆ ಬೀಗ ಬಿತ್ತು. ನಾಲ್ಕು ಮನೆಯವರು ಹೊಸ್ತಿಲಲ್ಲಿ ಅಡ್ಡ ಮಲಗಿದರು, ತುಳಿದುಕೊಂಡು ಹೋಗಿ ಅಂದರು. ಬೀಗ ಬಿದ್ದ ಮೂರರಲ್ಲಿ ತಂಗಿಯದೂ ಒಂದು. ಡ್ರೈವರ್ ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ ಹೊತ್ತುಕೊಂಡು ಮಕ್ಕಳ ಜೊತೆ ಅಕ್ಕನ ಕೋಣೆಗೆ ಬಂದ. ಒಂದು ಮೂಲೆಯಲ್ಲಿ ಸಾಮಾನು ಇಟ್ಟ. ಎಂಟು ತಿಂಗಳು ಆ ಒಂದೇ ಕೋಣೆಯಲ್ಲಿದ್ದು, ಮಗಳ ಕೈಯಲ್ಲಿ ಹೇಳಿಸಿ ಮಾತಾಡಿದ. 'ಉಪ್ಪು ಕಮ್ಮಿಯಾಗಿದೆ ಅಂತ ದೊಡ್ಡಮ್ಮಂಗೆ ಹೇಳು' ಅಂತ.

ವರದಿ ಅಚ್ಚಾಗಿ ಬಂತು. ಓದಿಸಿ ಕೇಳಿದೆ. ಗುರುತು ಸಿಗದ ಕೆಲಸಗಾರರ ಅಜಾಗರೂಕತೆ ಅಂತ ಇತ್ತು. ದಬ್ಬಣದಕ್ಕ ಅದರಲ್ಲಿ ಇರಲಿಲ್ಲ. ತಂಗಿಯ ಹೆಸರೂ ಇರಲಿಲ್ಲ, ಅಷ್ಟು ಮಾತ್ರ ಅವಳು ಉಳಿಸಿಕೊಂಡಳು. ಅದಾದ ಮೇಲೆ ಸತ್ತ ಪತ್ರಗಳೂ ಬಂದವು, ಎರಡು ವರ್ಷ ತಡವಾಗಿ. ಬೀಗ ಹಾಕಿದ ಮನೆಗಳಲ್ಲಿ ಅಷ್ಟರಲ್ಲಿ ಬೇರೆಯವರಿದ್ದರು. ಗುಮಾಸ್ತ ಇನ್ನೊಂದು ಗೋದಾಮಿಗೆ ಹೋದ, ಮೇಲಿನ ಹುದ್ದೆಗೆ.

ಆ ಎಂಟು ತಿಂಗಳ ಕೊನೆಯಲ್ಲಿ ಡ್ರೈವರ್ ಒಂದು ದಿನ ಬೇರೆ ಕಟ್ಟೆಗೆ ಲಾರಿ ಒಯ್ದಿದ್ದ. ಹಮಾಲಿಗಳು ಮೂಟೆ ಏರಿಸಲು ಬಂದರು. ಅವನು ಇಳಿದು, ತಡೀರಿ ಅಂದು, ಪೇರಿಗೆ ಬೆನ್ನು ಕೊಟ್ಟು ನಿಂತ. ಅಲ್ಲಿನ ಗುಮಾಸ್ತ, 'ಏನಪ್ಪ, ಮೂಟೆ ಜೊತೆ ಮದುವೆನಾ' ಅಂದ. ಎಲ್ಲರೂ ನಕ್ಕರು. ಡ್ರೈವರ್ ನಗಲಿಲ್ಲ. ಬೆನ್ನು ತೆಗೆದು, "ಇದು ಬೆಚ್ಚಗಿದೆ. ನಾನು ಹೇರಲ್ಲ," ಅಂದ. ಅವರು ಬೈದರು, ಕೆಲಸದಿಂದ ತೆಗೀತೀವಿ ಅಂದರು. ಅವನು ಖಾಲಿ ಲಾರಿ ತಿರುಗಿಸಿಕೊಂಡು ಬಂದ. ಹೊರಗೆ ಸಾಲಾಗಿ ನಿಂತಿದ್ದ ಡ್ರೈವರುಗಳಿಗೆ ಒಬ್ಬೊಬ್ಬರಿಗೂ ಹೇಳುತ್ತಾ ಬಂದ. ಆ ಸಂಜೆ ಮನೆಗೆ ಬಂದು, ಮಗಳನ್ನು ಕರೆಯದೆ, ನೇರವಾಗಿ ಅಂದ, "ಅಕ್ಕಾ, ಇವತ್ತು ಒಂದು ಮೂಟೆ ಬಿಟ್ಟು ಬಂದೆ."

ಅಕ್ಕ ಕೇಳುವ ಕಿವಿಯನ್ನು ಅವನ ಕಡೆಗೆ ತಿರುಗಿಸಿದಳು. "ಇನ್ನೊಂದ್ಸಲ ಹೇಳು," ಅಂದಳು. ಅವನು ಇನ್ನೊಂದು ಸಲ ಹೇಳಿದ.

ಕಾಗದದಲ್ಲಿ ಈ ಮಾತಿಲ್ಲ. ಇರುವುದು ಬಾಯಲ್ಲಿ ಮಾತ್ರ, ಅದರಲ್ಲೂ ಒಂದು ಬಾಯಿ ಮುದಿಯಾಗಿದೆ. ಆದ್ದರಿಂದ ಇದನ್ನು ಕೇಳಿ ಅಳಿಸಿಹಾಕಬೇಡಿ. ಮೂಟೆ ಹೊರುವವರು, ಹೊಲಿಯುವವರು, ಗುಡಿಸುವವರು ನಿಮಗೆ ಗೊತ್ತಿದ್ದರೆ ಅವರಿಗೆ ಕಳಿಸಿ. ಫೋನಿಲ್ಲದಿದ್ದರೆ ಹತ್ತಿರ ಹೋಗಿ ಹೇಳಿ. ಬೆಳಿಗ್ಗೆ ಕೆಲಸಕ್ಕೆ ಬಗ್ಗುವ ಮೊದಲು ಮೂಟೆಯ ಮೇಲೆ ಕೈಯಿಟ್ಟು ನೋಡಲಿ. ಬೆಚ್ಚಗಿದ್ದರೆ ಕೂಗಲಿ. ನಗುತ್ತಾರೆ. ನಕ್ಕರೆ ಇನ್ನೊಂದು ಸಲ ಕೂಗಲಿ.